ಮೆಂಫಿಸ್‌ಗೆ ಸಂಸಾರ ಸಮೇತ ಹೋಗಬಹುದಾ? ತೀರ್ಮಾನಕ್ಕೆ ಮುಂಚೆ ಮಾಡಬೇಕಾದ ಕೆಲಸಗಳು

"ಮೆಂಫಿಸ್‌ನಲ್ಲಿ ಕೆಲಸ ಸಿಕ್ಕಿದೆ. ಮನೆಯವರನ್ನೆಲ್ಲ ಕರೆದುಕೊಂಡು ಹೋಗಬಹುದಾ?" ಈ ಪ್ರಶ್ನೆಯನ್ನು ಓದುಗರು ಪದೇ ಪದೇ ಕೇಳುತ್ತಾರೆ. ಕೆಲವರು ಫೆಡ್‌ಎಕ್ಸ್ ಎಂಬ ಕೊರಿಯರ್ ಕಂಪನಿಯ ಪ್ರಾಜೆಕ್ಟಿಗೆ ಹೊರಟ ಐಟಿಯವರು. ಕೆಲವರು ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯಲ್ಲಿ ಸಂಶೋಧನೆಗೆ ಸೇರುವವರು. ಇನ್ನು ಕೆಲವರು ಅಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ, ಸಿಕ್ಕ ಡಾಕ್ಟರುಗಳು. ಪ್ರಶ್ನೆಯ ಬೆನ್ನಿಗೇ ಎರಡು ಮಾತು ಸೇರಿರುತ್ತವೆ. ಒಂದು, "ಅಲ್ಲಿ ಮನೆ ತುಂಬಾ ಅಗ್ಗವಂತೆ." ಇನ್ನೊಂದು, "ಅಲ್ಲಿ ದಿನಾ ಗುಂಡು ಹಾರುತ್ತಂತೆ." ಎರಡರಲ್ಲೂ ನಿಜ ಇದೆ. ಆದರೆ ಆ ಎರಡನ್ನೇ ನಂಬಿ ಮಕ್ಕಳನ್ನು ಕಟ್ಟಿಕೊಂಡು ಹೊರಡಲೂ ಆಗುವುದಿಲ್ಲ, ಬೇಡ ಅನ್ನಲೂ ಆಗುವುದಿಲ್ಲ.

ಊರಿನ ಪರಿಚಯ ಸ್ವಲ್ಪ ಇರಲಿ. ಮೆಂಫಿಸ್ ಇರುವುದು ಟೆನೆಸಿ ರಾಜ್ಯದ ನೈಋತ್ಯ ಮೂಲೆಯಲ್ಲಿ, ಮಿಸಿಸಿಪಿ ನದಿಯ ದಡದಲ್ಲಿ. 2010ರ ಜನಗಣತಿಯಲ್ಲಿ ಇಲ್ಲಿ 6,46,889 ಜನ ಇದ್ದರು. 2020ರಲ್ಲಿ ಅದು 6,33,104ಕ್ಕೆ ಇಳಿಯಿತು, ಆಮೇಲೂ ಇಳಿಯುತ್ತಿದೆ. ನಗರದ ಜನರಲ್ಲಿ ಐವರಿಗೆ ಒಬ್ಬರಿಗಿಂತ ಜಾಸ್ತಿ ಬಡತನ ರೇಖೆಯ ಕೆಳಗಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು. 1968ರಲ್ಲಿ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಏಪ್ರಿಲ್ 4ರಂದು ಕೊಂದದ್ದು ಇದೇ ಊರಿನ ಲೊರೇನ್ ಮೋಟೆಲ್‌ನಲ್ಲಿ. ಫೆಡ್‌ಎಕ್ಸ್, ಆಟೋಝೋನ್, ಇಂಟರ್‌ನ್ಯಾಷನಲ್ ಪೇಪರ್ ಕಂಪನಿಗಳ ಕೇಂದ್ರ ಕಚೇರಿ ಇರುವುದೂ ಇಲ್ಲೇ.

ಕಷ್ಟದಲ್ಲಿರುವ ಊರು ಎಲ್ಲ ಬೀದಿಯಲ್ಲೂ ಒಂದೇ ಸಮ ಕಷ್ಟದಲ್ಲಿರುವುದಿಲ್ಲ. ಹಾಗಾಗಿ "ಮೆಂಫಿಸ್ ಒಳ್ಳೆಯದಾ, ಕೆಟ್ಟದ್ದಾ" ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. ಸಂಬಳ ಕೊಡುವವರು ಯಾರು? ಮನೆಯ ವಿಳಾಸ ಯಾವುದು? ಸರಿಹೋಗದಿದ್ದರೆ ಹೊರಡುವ ದಾರಿ ಎಲ್ಲಿ? ಈ ಮೂರಕ್ಕೆ ಉತ್ತರ ಸಿಕ್ಕರೆ ತೀರ್ಮಾನ ತಾನಾಗಿಯೇ ಆಗುತ್ತದೆ.

ಶುರು ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಲಿಖಿತ ಆಫರ್ ಲೆಟರ್, ವೀಸಾ ವಕೀಲರ ಇಮೇಲ್ ಉತ್ತರ, ನಿಮಗೆ ಹಿಡಿಸಿದ ಎರಡು ಅಥವಾ ಮೂರು ಮನೆಗಳ ಪೂರ್ತಿ ವಿಳಾಸ, ಮತ್ತು ಅಲ್ಲಿಗೆ ಹೋಗಿ ಉಳಿಯಲು ನಾಲ್ಕೈದು ದಿನ.

1. ಎರಡನೆಯ ಕೆಲಸ ಎಲ್ಲಿ ಸಿಗುತ್ತದೆ ಎಂದು ಹುಡುಕಿ

ಮೊದಲನೆಯ ಕೆಲಸ ಸಿಕ್ಕಾಯಿತು. ಅದು ಹೋದರೆ ಅದೇ ಊರಿನಲ್ಲಿ ಇನ್ನೊಂದು ಸಿಗುತ್ತದಾ? ಇದನ್ನು ಈಗಲೇ ನೋಡಬೇಕು.

ಫೆಡ್‌ಎಕ್ಸ್ 1973ರಲ್ಲಿ ಮೆಂಫಿಸ್‌ನಿಂದ ಹಾರಾಟ ಶುರು ಮಾಡಿತು. ಈಗ ಈ ಭಾಗದಲ್ಲಿ ಅದಕ್ಕೆ ಸುಮಾರು 30 ಸಾವಿರ ನೌಕರರಿದ್ದಾರೆ. ಐಟಿ ಗುತ್ತಿಗೆ ಕೆಲಸದ ದೊಡ್ಡ ಪಾಲು ನೇರವಾಗಿಯೋ ಸುತ್ತಿ ಬಳಸಿಯೋ ಅದನ್ನೇ ನಂಬಿಕೊಂಡಿದೆ. ಅಲ್ಲಿ ಖರ್ಚಿಗೆ ಕತ್ತರಿ ಬಿದ್ದರೆ ಮೊದಲು ಮನೆಗೆ ಹೋಗುವವರು ಗುತ್ತಿಗೆಯವರು. ಅದೂ ಒಬ್ಬಿಬ್ಬರಲ್ಲ, ಒಂದೇ ವಾರದಲ್ಲಿ ಹತ್ತಾರು ಜನ. ಎಲ್ಲರೂ ಅದೇ ನಾಲ್ಕು ಕಂಪನಿಗಳ ಬಾಗಿಲು ತಟ್ಟುತ್ತಾರೆ. ಭದ್ರಾವತಿ, ಕೆಜಿಎಫ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಡಬೇಕಾದ್ದು ಇಷ್ಟೇ. ನಿಮ್ಮ ಕೌಶಲದ ಹೆಸರು ಹಾಕಿ, ಮೆಂಫಿಸ್‌ನ 30 ಮೈಲಿ ಸುತ್ತಿನಲ್ಲಿ ಎಷ್ಟು ಕೆಲಸಗಳಿವೆ ಎಂದು ಮೂರು ವಾರ ಸತತವಾಗಿ ನೋಡಿ. ಅವುಗಳಲ್ಲಿ ವೀಸಾ ಕೊಡುವ ಕಂಪನಿ ಎಷ್ಟು ಎಂದು ಬೇರೆ ಮಾಡಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಇಬ್ಬರಿಗೂ ಹುಡುಕಿ. ಒಬ್ಬರಿಗೆ ಕೆಲಸ ಸಿಕ್ಕಿ ಇನ್ನೊಬ್ಬರು ವರ್ಷಗಟ್ಟಲೆ ಮನೆಯಲ್ಲಿ ಕೂರುವಂತಾದರೆ, ಅಗ್ಗದ ಮನೆಯಿಂದ ಉಳಿದ ದುಡ್ಡೆಲ್ಲ ಅಲ್ಲೇ ಕರಗುತ್ತದೆ. ಮನೆಯ ನೆಮ್ಮದಿಯ ಮಾತು ಬೇರೆ.

ಡಾಕ್ಟರುಗಳ ಸ್ಥಿತಿ ಸ್ವಲ್ಪ ಭದ್ರ. ಆಸ್ಪತ್ರೆಗಳು ಜಾಸ್ತಿ ಇವೆ, ಟೆನೆಸಿ ವಿಶ್ವವಿದ್ಯಾಲಯದ ಆರೋಗ್ಯ ವಿಜ್ಞಾನ ಕೇಂದ್ರವೂ ಇಲ್ಲೇ ಇದೆ. ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದವರಿಗೆ ಕಾನ್ರಾಡ್ 30 ಎಂಬ ದಾರಿಯೂ ಇದೆ. ಜೆ-1ನವರು ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ನಿಯಮ ಇದೆಯಲ್ಲ, ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಿದರೆ ಅದರಿಂದ ವಿನಾಯಿತಿ ಸಿಗುತ್ತದೆ. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಸ್ಥಾನ. ಆದರೆ ಆ ಮೂರು ವರ್ಷ ಸುಲಭವಾಗಿ ಆಸ್ಪತ್ರೆ ಬದಲಿಸಲು ಬರುವುದಿಲ್ಲ. ಕರಾರಿನ ಪ್ರತಿ ಸಾಲನ್ನೂ ಓದಿ ಸಹಿ ಹಾಕಿ.

2. ವೀಸಾ ಕಾಗದ ಸರಿಯಾಗದೆ ಪ್ಯಾಕಿಂಗ್ ಬೇಡ

"ಕಂಪನಿ ಅದೇ, ಬರೀ ಊರು ಬದಲಾಗುತ್ತಿದೆ, ಏನೂ ಆಗಲ್ಲ" ಎಂದು ಮ್ಯಾನೇಜರ್ ಹೇಳಬಹುದು. ನಂಬಬೇಡಿ. ಎಚ್-1ಬಿ, ಅಂದರೆ ಕಂಪನಿ ಕೊಡಿಸುವ ಕೆಲಸದ ವೀಸಾ, ಒಂದು ನಿರ್ದಿಷ್ಟ ಕೆಲಸದ ಜಾಗಕ್ಕೆ ಅಂಟಿಕೊಂಡಿರುತ್ತದೆ. ಬೇರೆ ಮಹಾನಗರ ವಲಯಕ್ಕೆ ಹೋಗುವುದಾದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ಅದನ್ನು ನೀವು ಹೊಸ ಜಾಗದಲ್ಲಿ ಕೆಲಸ ಶುರು ಮಾಡುವ ಮುಂಚೆಯೇ ಹಾಕಿರಬೇಕು. 2015ರಿಂದ ಈ ವಿಷಯದಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

ಗ್ರೀನ್ ಕಾರ್ಡ್ ದಾರಿಯಲ್ಲಿರುವವರು ಇನ್ನೂ ಹುಷಾರಾಗಿರಬೇಕು. ಪರ್ಮ್ ಅಂದರೆ, ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಎಂದು ಕಂಪನಿ ಕಾರ್ಮಿಕ ಇಲಾಖೆಯಿಂದ ಪಡೆಯುವ ಪ್ರಮಾಣಪತ್ರ. ಅದೂ ಜಾಗಕ್ಕೆ ಅಂಟಿಕೊಂಡದ್ದೇ. ಕೆಲಸ ಕಾಯಂ ಆಗಿ ಮೆಂಫಿಸ್‌ಗೆ ಬಂದರೆ ಹೊಸದಾಗಿ ಶುರು ಮಾಡಬೇಕಾಗಬಹುದು. ಐ-140, ಅಂದರೆ ಕಂಪನಿ ನಿಮ್ಮ ಪರವಾಗಿ ಹಾಕುವ ವಲಸೆ ಅರ್ಜಿ, ಒಪ್ಪಿಗೆಯಾಗಿದ್ದರೆ ಸರದಿಯಲ್ಲಿ ನಿಮ್ಮ ತಾರೀಖು ಸಾಮಾನ್ಯವಾಗಿ ಉಳಿಯುತ್ತದೆ. ಆಗಿರದಿದ್ದರೆ ಅದು ಆಗುವ ತನಕ ಊರು ಬದಲಿಸದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಎಚ್-4ರಲ್ಲಿರುವ, ಅಂದರೆ ಎಚ್-1ಬಿಯವರ ಅವಲಂಬಿತ ವೀಸಾದಲ್ಲಿರುವ, ಸಂಗಾತಿಗೆ ಕೆಲಸದ ಪರವಾನಗಿ ಸಿಗುವುದೂ ಬಹುಪಾಲು ಈ ಐ-140 ಮೇಲೆಯೇ.

ಕೆಲಸ ಹೋದರೆ ಎಚ್-1ಬಿಯವರಿಗೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಡಲ್ಲಾಸ್‌ನಲ್ಲಿ 60 ದಿನವೂ ಮೆಂಫಿಸ್‌ನಲ್ಲಿ 60 ದಿನವೂ ಒಂದೇ ಅಲ್ಲ. ಇಲ್ಲಿ ಇನ್ನೊಂದು ಕೆಲಸ ಅಂದರೆ ಬಹುಮಟ್ಟಿಗೆ ಇನ್ನೊಂದು ಊರು. ಮಕ್ಕಳ ಶಾಲೆ, ಬಾಡಿಗೆ ಕರಾರು, ಮನೆ ಸಾಲ ಎಲ್ಲವನ್ನೂ ಅಷ್ಟರಲ್ಲಿ ಬಿಡಿಸಿಕೊಳ್ಳಬೇಕು. ಈ ಒಂದು ಕಾರಣಕ್ಕೇ ಮುಂದೆ "ಮೊದಲ ವರ್ಷ ಮನೆ ಕೊಳ್ಳಬೇಡಿ" ಎಂದು ಹೇಳಿದ್ದೇನೆ.

3. ಲೆಕ್ಕ ಹಾಕಿ

ಟೆನೆಸಿಯಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಬಡ್ಡಿ ಮತ್ತು ಡಿವಿಡೆಂಡ್ ಮೇಲಿದ್ದ ತೆರಿಗೆಯೂ 2021ರಿಂದ ಹೋಯಿತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಿಂದ ಬರುವವರಿಗೆ ಇದು ದೊಡ್ಡ ಉಳಿತಾಯ. ಆದರೆ ಊರು ಬದಲಾದರೆ ಸಂಬಳ ಇಳಿಸುವ ಕಂಪನಿಗಳೂ ಇವೆ, ಆಫರ್‌ನಲ್ಲಿ ಅದನ್ನು ನೋಡಿ.

ಆದಾಯ ತೆರಿಗೆ ಇಲ್ಲದ ರಾಜ್ಯ ಬೇರೆ ಕಡೆ ಕೈ ಹಾಕುತ್ತದೆ. ಮೆಂಫಿಸ್‌ನಲ್ಲಿ ಮಾರಾಟ ತೆರಿಗೆ 9.75%. ಅಕ್ಕಿ, ಬೇಳೆ, ತರಕಾರಿಗೂ ತೆರಿಗೆ ಉಂಟು. ದರ ಸ್ವಲ್ಪ ಕಡಿಮೆ ಅಷ್ಟೇ.

ಆಸ್ತಿ ತೆರಿಗೆಯ ವಿಷಯದಲ್ಲಿ ಎಡವುವವರೇ ಜಾಸ್ತಿ. ವಾಸದ ಮನೆಯ ಮಾರುಕಟ್ಟೆ ಬೆಲೆಯ 25% ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. 3 ಲಕ್ಷ ಡಾಲರ್ ಮನೆಗೆ 75 ಸಾವಿರ. ಆ 75 ಸಾವಿರದಲ್ಲಿ ಪ್ರತಿ 100 ಡಾಲರಿಗೆ ಇಷ್ಟು ಎಂದು ದರ. ಮೆಂಫಿಸ್ ನಗರದ ಗಡಿಯೊಳಗಿದ್ದರೆ ನಗರಕ್ಕೂ ಶೆಲ್ಬಿ ಕೌಂಟಿಗೂ ಎರಡೂ ಕಡೆ ಕಟ್ಟಬೇಕು. ಕೌಂಟಿ ಅಂದರೆ ಸುಮಾರಾಗಿ ನಮ್ಮ ಜಿಲ್ಲೆ. ಜರ್ಮನ್‌ಟೌನ್, ಕಾಲಿಯರ್‌ವಿಲ್ ಥರದ ಉಪನಗರದಲ್ಲಿದ್ದರೆ ಆ ಊರಿಗೆ ಮತ್ತು ಕೌಂಟಿಗೆ. ಯಾವ ನಗರಕ್ಕೂ ಸೇರದ ಜಾಗವಾದರೆ ಕೌಂಟಿಗೆ ಮಾತ್ರ. ಮಾರುವವರು ತೋರಿಸುವ ಹಳೆಯ ಬಿಲ್ ನೋಡಿ ಸುಮ್ನೆ ಒಪ್ಪಬೇಡಿ. ಕೌಂಟಿಯ ಆಸ್ತಿ ಮೌಲ್ಯಮಾಪಕರ ವೆಬ್‌ಸೈಟಿನಲ್ಲಿ ಮನೆಯ ವಿಳಾಸ ಹಾಕಿದರೆ ಈಗಿನ ಲೆಕ್ಕ ಸಿಗುತ್ತದೆ.

ಕಾರಿನ ವಿಮೆ ಕೇಳುವಾಗ ಪಿನ್ ಕೋಡ್ ಥರದ ಜಿಪ್ ಕೋಡ್ ಮುಖ್ಯ. ನಿಮ್ಮ ಎರಡೂ ವಿಳಾಸಗಳ ಜಿಪ್ ಕೊಟ್ಟು ಬೇರೆ ಬೇರೆ ಕೊಟೇಶನ್ ತೆಗೆದುಕೊಳ್ಳಿ. ವ್ಯತ್ಯಾಸ ಎಷ್ಟಿದೆ ಎಂದು ನೋಡಿದರೆ, ಆ ಎರಡು ಜಾಗಗಳ ಬಗ್ಗೆ ವಿಮೆ ಕಂಪನಿಯ ಅಂದಾಜು ಏನೆಂದೂ ಗೊತ್ತಾಗುತ್ತದೆ.

ದಕ್ಷಿಣಕ್ಕೆ ಗಡಿ ದಾಟಿದರೆ ಮಿಸಿಸಿಪಿ ರಾಜ್ಯ. ಅಲ್ಲಿನ ಸೌತ್‌ಹೇವನ್, ಆಲಿವ್ ಬ್ರಾಂಚ್‌ನಲ್ಲಿ ಮನೆ ಮಾಡಿ ಮೆಂಫಿಸ್‌ಗೆ ಕೆಲಸಕ್ಕೆ ಬರುವವರು ತುಂಬಾ ಇದ್ದಾರೆ. ಅಲ್ಲಿ ವಾಸ ಇದ್ದರೆ, ಕೆಲಸ ಟೆನೆಸಿಯಲ್ಲಿದ್ದರೂ, ಮಿಸಿಸಿಪಿಗೆ ಆದಾಯ ತೆರಿಗೆ ಕಟ್ಟಬೇಕು. ದರವನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ, ಆದರೂ ಲೆಕ್ಕಕ್ಕೆ ಸೇರಿಸಿ.

4. ಶಾಲೆ: ಊರಿನ ಹೆಸರು ನೋಡಬೇಡಿ, ಮನೆಯ ನಂಬರ್ ಹಾಕಿ ನೋಡಿ

ಮಕ್ಕಳಿರುವವರು ಅರ್ಧ ಸಮಯವನ್ನು ಈ ಹಂತಕ್ಕೇ ಕೊಡಬೇಕು.

ಹಿನ್ನೆಲೆ ಗೊತ್ತಿದ್ದರೆ ಗೊಂದಲ ಕಡಿಮೆ. 1973ರಲ್ಲಿ ಕೋರ್ಟು ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಂದೇ ಶಾಲೆಗೆ ಬಸ್ಸಿನಲ್ಲಿ ಕಳಿಸುವಂತೆ ಆದೇಶಿಸಿತು. ಬಿಳಿಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನಗರದ ಶಾಲೆಗಳನ್ನು ಬಿಟ್ಟು ಖಾಸಗಿ ಶಾಲೆಗೆ, ಉಪನಗರಕ್ಕೆ ಹೋದವು. 2013ರಲ್ಲಿ ನಗರದ ಶಾಲೆಗಳೂ ಕೌಂಟಿಯ ಶಾಲೆಗಳೂ ಒಂದೇ ಆಡಳಿತಕ್ಕೆ ಸೇರಿದವು. ಅದು ಬಾಳಿದ್ದು ಒಂದೇ ವರ್ಷ. 2014ರಲ್ಲಿ ಜರ್ಮನ್‌ಟೌನ್, ಕಾಲಿಯರ್‌ವಿಲ್, ಬಾರ್ಟ್‌ಲೆಟ್, ಆರ್ಲಿಂಗ್ಟನ್, ಲೇಕ್‌ಲ್ಯಾಂಡ್, ಮಿಲಿಂಗ್ಟನ್ ಎಂಬ ಆರು ಉಪನಗರಗಳು ತಮ್ಮದೇ ಶಾಲಾ ಜಿಲ್ಲೆ (ಶಾಲೆಗಳ ಪ್ರತ್ಯೇಕ ಆಡಳಿತ) ಮಾಡಿಕೊಂಡು ಹೊರಬಂದವು. ಉಳಿದದ್ದಕ್ಕೆ 2022ರಿಂದ ಮೆಂಫಿಸ್-ಶೆಲ್ಬಿ ಕೌಂಟಿ ಸ್ಕೂಲ್ಸ್ ಎಂದು ಹೆಸರು. ನಗರದ ಬಡ ಮಕ್ಕಳ ಬಹುಪಾಲು ಆ ದೊಡ್ಡ ಜಿಲ್ಲೆಯಲ್ಲೇ ಉಳಿದರು. ನೀವು ವಿಳಾಸ ಆರಿಸುವಾಗ ಈ ಗೆರೆಯ ಯಾವುದೋ ಒಂದು ಕಡೆಗೆ ಸೇರುತ್ತೀರಿ. ಅದು ಗೊತ್ತಿದ್ದು ಸೇರಿ.

ಹೊಸಬರು ಬೀಳುವ ಹಳ್ಳ ಇಲ್ಲಿದೆ. ಅಂಚೆ ವಿಳಾಸದಲ್ಲಿ ಬರುವ ಊರಿನ ಹೆಸರಿಗೂ ಶಾಲಾ ಜಿಲ್ಲೆಗೂ ಸಂಬಂಧ ಇರಲೇಬೇಕೆಂದಿಲ್ಲ. ಜರ್ಮನ್‌ಟೌನ್ ಹೈಸ್ಕೂಲನ್ನೇ ನೋಡಿ. ಹೆಸರಿನಲ್ಲಿ ಜರ್ಮನ್‌ಟೌನ್, ಕಟ್ಟಡವೂ ಜರ್ಮನ್‌ಟೌನ್‌ನಲ್ಲೇ. ಆದರೆ 2014ರಲ್ಲಿ ಅದು ಜರ್ಮನ್‌ಟೌನ್ ಶಾಲಾ ಜಿಲ್ಲೆಗೆ ಹೋಗಲಿಲ್ಲ, ದೊಡ್ಡ ಜಿಲ್ಲೆಯಲ್ಲೇ ಉಳಿಯಿತು. ಆ ಉಪನಗರದ ಜಿಲ್ಲೆಗೆ ಸೇರಿದ ಹೈಸ್ಕೂಲು ಹ್ಯೂಸ್ಟನ್ ಹೈ. ಇದು ಗೊತ್ತಿಲ್ಲದೆ "ಜರ್ಮನ್‌ಟೌನ್ ಶಾಲೆ" ಎಂಬ ಜಾಹೀರಾತು ನೋಡಿ ಮುಂಗಡ ಕೊಟ್ಟರೆ ಆಮೇಲೆ ಪೇಚಾಟ. 2022ರಲ್ಲಿ, ಹೀಗೆ ದೊಡ್ಡ ಜಿಲ್ಲೆಯಲ್ಲೇ ಉಳಿದ ಜರ್ಮನ್‌ಟೌನ್ ಶಾಲೆಗಳ ಭವಿಷ್ಯದ ಬಗ್ಗೆ ಎರಡೂ ಜಿಲ್ಲೆಯವರು ಒಪ್ಪಂದ ಮಾಡಿಕೊಂಡಿದ್ದಾರೆ, ಗಡಿಗಳು ಮುಂದೆಯೂ ಬದಲಾಗುತ್ತವೆ. ಕಾರ್ಡೋವಾದಂಥ ಕಡೆಯೂ ಇದೇ ಕಥೆ. ಒಂದೇ ಅಂಚೆ ಹೆಸರು, ಒಳಗೆ ಬೇರೆ ಬೇರೆ ಆಡಳಿತ.

ಮಾಡಬೇಕಾದ್ದು:

ಮನೆ ನಂಬರ್ ಸಮೇತ ವಿಳಾಸವನ್ನು ಶಾಲಾ ಜಿಲ್ಲೆಯ ವೆಬ್‌ಸೈಟಿನಲ್ಲೇ ಹಾಕಿ ನೋಡಿ. ಆಮೇಲೆ ಫೋನ್ ಮಾಡಿ, "ಬರುವ ವರ್ಷ, ಈ ವಿಳಾಸ, ಈ ತರಗತಿ, ಯಾವ ಶಾಲೆ?" ಎಂದು ಕೇಳಿ. ಮನೆ ತೋರಿಸುವ ಏಜೆಂಟಿನ ಮಾತು ಇದಕ್ಕೆ ಪುರಾವೆ ಅಲ್ಲ.

ಆ ಶಾಲೆಗೆ ರಾಜ್ಯ ಕೊಟ್ಟಿರುವ ದರ್ಜೆ ನೋಡಿ. ಟೆನೆಸಿ 2023ರ ಕೊನೆಯಿಂದ ಶಾಲೆಗಳಿಗೆ ಎ ಯಿಂದ ಎಫ್ ವರೆಗೆ ಅಕ್ಷರ ದರ್ಜೆ ಕೊಡುತ್ತಿದೆ. ಆದರೆ ದರ್ಜೆಯಲ್ಲೇ ನಿಲ್ಲಬೇಡಿ. ಬಡ ಮಕ್ಕಳು ಜಾಸ್ತಿ ಇರುವ ಶಾಲೆಯ ಅಂಕ ಕಡಿಮೆ ಇರುವುದು ಸಾಮಾನ್ಯ. ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋಗುತ್ತಿದ್ದಾರೆ ಎಂಬ ಅಂಕಣವನ್ನೂ ಓದಿ. ಪ್ರಾಂಶುಪಾಲರು ಎಷ್ಟು ವರ್ಷದಿಂದ ಇದ್ದಾರೆ, ಗಣಿತಕ್ಕೆ ಕಾಯಂ ಶಿಕ್ಷಕರಿದ್ದಾರಾ ಎಂದು ಕೇಳಿ.

ನಗರದೊಳಗೇ ಇರಬೇಕು ಅನ್ನಿಸಿದರೆ ಆಪ್ಷನಲ್ ಸ್ಕೂಲ್ ನೋಡಿ. ಅಂಕ ಮತ್ತು ಹಾಜರಾತಿ ನೋಡಿ ಸೇರಿಸಿಕೊಳ್ಳುವ ವಿಶೇಷ ಕಾರ್ಯಕ್ರಮ ಇರುವ ಸರ್ಕಾರಿ ಶಾಲೆಗಳು ಇವು. ವೈಟ್ ಸ್ಟೇಷನ್ ಹೈಸ್ಕೂಲಿಗೆ ಬಹಳ ಕಾಲದಿಂದ ಒಳ್ಳೆಯ ಹೆಸರಿದೆ. ಅರ್ಜಿ ಕರೆಯುವುದು ಹಿಂದಿನ ಶೈಕ್ಷಣಿಕ ವರ್ಷದ ಚಳಿಗಾಲದಲ್ಲಿ. ಜುಲೈನಲ್ಲಿ ಊರಿಗೆ ಬಂದು ಕೇಳಿದರೆ ಸೀಟು ಸಿಗುವುದು ಕಷ್ಟ.

ನಾಲ್ಕು ದಾಟಿದ ಮಗು ಇದ್ದರೆ ತಾರೀಖು ನೋಡಿಕೊಳ್ಳಿ. ಕಿಂಡರ್‌ಗಾರ್ಟನ್‌ಗೆ ಸೇರಲು ಆಗಸ್ಟ್ 15ಕ್ಕೆ 5 ವರ್ಷ ತುಂಬಿರಬೇಕು. ಬೇರೆ ರಾಜ್ಯದಿಂದ ಬರುವವರಿಗೆ ಇದು ಒಂದು ವರ್ಷದ ವ್ಯತ್ಯಾಸ ಮಾಡಬಹುದು.

5. ಅಪರಾಧದ ಸುದ್ದಿಯನ್ನು ಓದುವುದು ಹೇಗೆ

ಮುಚ್ಚುಮರೆ ಬೇಡ. 2023ರಲ್ಲಿ ಮೆಂಫಿಸ್‌ನಲ್ಲಿ 400ರ ಹತ್ತಿರ ಕೊಲೆಗಳಾದವು. ನಗರದ ಇತಿಹಾಸದಲ್ಲೇ ಅದು ಅತಿ ಹೆಚ್ಚು. 2024ರಲ್ಲಿ ಚೆನ್ನಾಗಿ ಇಳಿಯಿತು, ಆದರೂ ಇಷ್ಟು ಜನಸಂಖ್ಯೆಯ ಊರಿಗೆ ಅದು ಜಾಸ್ತಿಯೇ. ಅದೇ 2023ರ ಜನವರಿಯಲ್ಲಿ ಟೈರ್ ನಿಕೋಲ್ಸ್ ಎಂಬ ಯುವಕ ಪೊಲೀಸರ ಹೊಡೆತದಿಂದಲೇ ಸತ್ತ. ಊರಿನ ಜನಕ್ಕೂ ಪೊಲೀಸರಿಗೂ ನಡುವಿನ ನಂಬಿಕೆ ಇನ್ನೂ ಕೂಡಿಕೊಂಡಿಲ್ಲ.

ಇದರಲ್ಲಿ ನಿಮ್ಮ ಮನೆಯ ಬಾಗಿಲಿಗೆ ಬರುವುದು ಎಷ್ಟು? ಕೊಲೆಗಳು ನಗರದ ಕೆಲವೇ ಭಾಗಗಳಲ್ಲಿ ಒತ್ತಾಗಿವೆ. ಅದರ ಹೊರೆ ಹೊರುತ್ತಿರುವವರು ಅಲ್ಲಿನ ಬಡ ಕುಟುಂಬಗಳು. ಆದರೆ ಕಾರು ಕಳವು, ಕಾರಿನ ಗಾಜು ಒಡೆಯುವುದು ಎಲ್ಲ ಕಡೆ ಇದೆ. ಒಳ್ಳೆಯ ಬಡಾವಣೆ, ಆಫೀಸಿನ ಪಾರ್ಕಿಂಗ್, ಅಪಾರ್ಟ್‌ಮೆಂಟಿನ ಗೇಟಿನ ಒಳಗೂ. ಹೊಸ ಕುಟುಂಬಕ್ಕೆ ಎದುರಾಗುವ ಸಾಧ್ಯತೆ ಜಾಸ್ತಿ ಇರುವುದು ಇದೇ. ಕೀ ಚಿಪ್ ಇಲ್ಲದ ಹಳೆಯ ಕಿಯಾ, ಹ್ಯುಂಡೈ ಕಾರುಗಳು ದೇಶದಾದ್ಯಂತ ಕಳ್ಳರ ಗುರಿಯಾಗಿವೆ. ಅಂಥ ಕಾರಿದ್ದರೆ ಬರುವ ಮುಂಚೆಯೇ ಕಳವು ತಡೆಯುವ ಸಾಫ್ಟ್‌ವೇರ್ ಹಾಕಿಸಿ, ಸ್ಟೀರಿಂಗ್ ಲಾಕ್ ಕೊಳ್ಳಿ. ಗ್ಯಾರೇಜ್ ಇರುವ ಮನೆಗೆ ಸ್ವಲ್ಪ ಬಾಡಿಗೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಪೊಲೀಸ್ ಇಲಾಖೆಯ ಘಟನೆಗಳ ಮಾಹಿತಿ ಆನ್‌ಲೈನ್‌ನಲ್ಲಿ ಸಾರ್ವಜನಿಕವಾಗಿ ಸಿಗುತ್ತದೆ. ನಿಮ್ಮ ವಿಳಾಸದ ಅರ್ಧ ಮೈಲಿ ಸುತ್ತ, ಮೂರು ತಿಂಗಳಲ್ಲಿ ಏನೇನಾಯಿತು ಎಂದು ನೋಡಿ. ಬರೀ ಎಣಿಸಬೇಡಿ. ಯಾವ ಬಗೆಯದ್ದು, ಯಾವ ಹೊತ್ತಿಗೆ ಎಂದು ಬೇರೆ ಮಾಡಿ. ನಡುರಾತ್ರಿ ಬಾರ್ ಮುಂದಿನ ಜಗಳಕ್ಕೂ ಸಂಜೆ 5ಕ್ಕೆ ಬೀದಿಯಲ್ಲಿ ನಡೆದ ದರೋಡೆಗೂ ವ್ಯತ್ಯಾಸ ಇದೆ ಅಲ್ವಾ? ಹೆಚ್ಚಿನ ಉಪನಗರಗಳಿಗೆ ಅವುಗಳದ್ದೇ ಪೊಲೀಸ್ ಇಲಾಖೆ ಇದೆ, ಆರ್ಲಿಂಗ್ಟನ್, ಲೇಕ್‌ಲ್ಯಾಂಡ್‌ನಲ್ಲಿ ಕೌಂಟಿಯ ಪೊಲೀಸರು; ಅಲ್ಲಿನದ್ದನ್ನು ಬೇರೆಯಾಗಿ ಹುಡುಕಬೇಕು. ನಗರದ ನಕ್ಷೆಯಲ್ಲಿ ಚುಕ್ಕಿ ಕಾಣಲಿಲ್ಲ ಎಂದು ಅಲ್ಲಿ ಏನೂ ಆಗಿಲ್ಲ ಅಂದುಕೊಳ್ಳಬೇಡಿ.

ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಆ ಏರಿಯಾ ಸರಿ ಇಲ್ಲ" ಎಂಬ ಮಾತು ತುಂಬಾ ಸುಲಭವಾಗಿ ಬರುತ್ತದೆ. ಹೇಳಿದವರನ್ನು ಕೇಳಿ: ಏನಾಯಿತು, ಯಾವಾಗ, ಯಾವ ಬೀದಿಯಲ್ಲಿ? ಉತ್ತರ ಇದ್ದರೆ ಬರೆದುಕೊಳ್ಳಿ. ಅಲ್ಲಿರುವವರ ಮೈಬಣ್ಣವನ್ನು ಬಿಟ್ಟು ಬೇರೆ ಕಾರಣ ಅವರ ಹತ್ತಿರ ಇಲ್ಲದಿದ್ದರೆ ಆ ಸಲಹೆಯನ್ನು ಬಿಟ್ಟುಬಿಡಿ. ಹೆಚ್ಚಿನವರು ಕಪ್ಪು ಜನರೇ ಆಗಿರುವ ಊರಿಗೆ ಹೋಗುತ್ತಿದ್ದೀರಿ. ನಿಮ್ಮ ಮಕ್ಕಳ ಸ್ನೇಹಿತರು, ಶಿಕ್ಷಕರು, ಡಾಕ್ಟರು, ಪಕ್ಕದ ಮನೆಯವರು ಅವರೇ. ಅವರ ಬಗ್ಗೆ ಭಯ ಇಟ್ಟುಕೊಂಡೇ ಹೋಗುವುದಾದರೆ ಹೋಗುವುದೇ ಬೇಡ, ಅದು ಮಕ್ಕಳಿಗೂ ಒಳ್ಳೆಯದಲ್ಲ.

6. ಹೋಗಿ ನಾಲ್ಕು ರಾತ್ರಿ ಉಳಿಯಿರಿ

ಹೋಟೆಲ್ ಬೇಡ. ನೀವು ಯೋಚಿಸುತ್ತಿರುವ ಬೀದಿಯ ಹತ್ತಿರ ದಿನದ ಬಾಡಿಗೆಗೆ ಮನೆ ತೆಗೆದುಕೊಳ್ಳಿ. ಆದರೆ ಜುಲೈ ಅಥವಾ ಆಗಸ್ಟಿನಲ್ಲಿ ಹೋಗಿ. ಮಂಗಳೂರಿನ ಮೇ ತಿಂಗಳ ಸೆಕೆಯ ಅನುಭವ ಇದ್ದವರಿಗೂ ಅದು ಜೋರೇ.

ಬೆಳಿಗ್ಗೆ ಏಳಕ್ಕೆ ಬೀದಿಯಲ್ಲಿ ನಡೆಯಿರಿ. ಫುಟ್‌ಪಾತ್ ಅಂಚಿನಲ್ಲಿ, ಕಾರು ನಿಲ್ಲಿಸುವ ಕಡೆ ನೆಲ ನೋಡಿ. ಕಾರಿನ ಕಿಟಕಿ ಒಡೆದರೆ ಗಾಜು ಕಲ್ಲುಸಕ್ಕರೆಯ ಹರಳಿನಂತೆ ಪುಡಿಯಾಗಿ ಬಿದ್ದಿರುತ್ತದೆ, ಗುಡಿಸಿದರೂ ಸಂದಿಯಲ್ಲಿ ಉಳಿಯುತ್ತದೆ. ಒಂದು ಕಡೆ ಕಂಡರೆ ಪರವಾಗಿಲ್ಲ. ಸಾಲಾಗಿ ನಾಲ್ಕೈದು ಕಡೆ ಕಂಡರೆ, ನಿಲ್ಲಿಸಿರುವ ಕಾರುಗಳಲ್ಲಿ ಅರ್ಧದಷ್ಟಕ್ಕೆ ಸ್ಟೀರಿಂಗ್ ಲಾಕ್ ಹಾಕಿದ್ದರೆ, ಆ ಬೀದಿಯ ರಾತ್ರಿ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಖಾಲಿ ಬಿದ್ದ ಮನೆಗಳೆಷ್ಟು ಎಣಿಸಿ. ಮನೆಗಳ ಒಡೆಯರು ಯಾರು ಎಂದು ಮೌಲ್ಯಮಾಪಕರ ವೆಬ್‌ಸೈಟಿನಲ್ಲಿ ನೋಡಿ. ಶೆಲ್ಬಿ ಕೌಂಟಿಯಲ್ಲಿ ದೊಡ್ಡ ಕಂಪನಿಗಳು ಸಾವಿರಾರು ಮನೆ ಕೊಂಡು ಬಾಡಿಗೆಗೆ ಬಿಟ್ಟಿವೆ. ಬೀದಿ ತುಂಬಾ ಅವೇ ಇದ್ದರೆ ರಿಪೇರಿ ಹೇಗೆ ಮಾಡಿಸುತ್ತಾರೆ ಎಂದು ಅಲ್ಲಿ ಇರುವವರನ್ನೇ ಕೇಳಿ. ಮಾತಾಡಿಸಿದರೆ ನಿಂತು ಮಾತಾಡುವ ಜನ ಇಲ್ಲಿನವರು.

ರಾತ್ರಿ ಹತ್ತೂವರೆಯ ಮೇಲೆ ಹೊರಗೆ ಬಂದು ಆಕಾಶ ನೋಡಿ. ಫೆಡ್‌ಎಕ್ಸ್ ವಿಮಾನಗಳು ಒಂದರ ಹಿಂದೆ ಒಂದು ದೀಪ ಹಚ್ಚಿಕೊಂಡು ಇಳಿಯುತ್ತವೆ. ನಡುರಾತ್ರಿ ಸರಕು ವಿಂಗಡಿಸಿ ಬೆಳಗಿನ ಜಾವ ಮತ್ತೆ ಹೊರಡುತ್ತವೆ. ನಿಮ್ಮ ಮನೆ ಆ ಹಾದಿಯ ಕೆಳಗಿದ್ದರೆ ಮಲಗಿ ನೋಡದೆ ಒಪ್ಪಬೇಡಿ. ಮಗು ಇರುವ ಮನೆಗೆ ಇದು ಸಣ್ಣ ವಿಷಯವಲ್ಲ.

7. ಮೊದಲ ವರ್ಷ ಬಾಡಿಗೆ. ಆಮೇಲೆ ಕೊಳ್ಳುವುದಾದರೆ ಇವನ್ನು ನೋಡಿ

ಅಗ್ಗದ ಮನೆ ನೋಡಿ ಕೈ ತುರಿಸುತ್ತದೆ, ನಿಜ. ಆದರೆ ಜನ ಕಡಿಮೆಯಾಗುತ್ತಿರುವ ಊರಿನಲ್ಲಿ ಬೆಲೆ ಏರುವುದು ನಿಧಾನ. ಕೊಳ್ಳುವಾಗಿನ ಖರ್ಚು, ಮಾರುವಾಗಿನ ಏಜೆಂಟ್ ಕಮಿಷನ್ ಸೇರಿದರೆ ಎರಡು ಮೂರು ವರ್ಷದಲ್ಲಿ ಮಾರಿದವರು ಕೈ ಸುಟ್ಟುಕೊಳ್ಳುತ್ತಾರೆ. 60 ದಿನದ ಗಡುವಿನ ಮಾತು ನೆನಪಿದೆಯಲ್ಲ?

ಕೊಳ್ಳುವ ಹೊತ್ತು ಬಂದಾಗ ಸಾಮಾನ್ಯ ತಪಾಸಣೆಯ ಜೊತೆ ಗೆದ್ದಲಿನ ತಪಾಸಣೆ ಮಾಡಿಸಿ. ದಕ್ಷಿಣದ ಮನೆಗಳು ಮರದ ಚೌಕಟ್ಟಿನವು, ಗೆದ್ದಲು ಇಲ್ಲಿ ದಿನನಿತ್ಯದ ಶತ್ರು. ಹಳೆಯ ಮನೆಗಳ ನೆಲದ ಕೆಳಗೆ ತೆವಳಿಕೊಂಡು ಹೋಗುವಷ್ಟು ಖಾಲಿ ಜಾಗ ಇರುತ್ತದೆ. ತಪಾಸಕರು ಅದರೊಳಗೆ ಹೋದರಾ, ಫೋಟೊ ತೆಗೆದರಾ ಎಂದು ಕೇಳಿ. ತೇವ ಇದ್ದರೆ ಖರ್ಚು ಅಲ್ಲೇ ಕಾದಿರುತ್ತದೆ.

ಕರೆಂಟಿನ ವಿಷಯ. ವಿದ್ಯುತ್, ಗ್ಯಾಸ್, ನೀರು ಮೂರನ್ನೂ ಕೊಡುವುದು ಎಂಎಲ್‌ಜಿಡಬ್ಲ್ಯೂ ಎಂಬ ಸಾರ್ವಜನಿಕ ಸಂಸ್ಥೆ. ಊರಿನ ತುಂಬಾ ದೊಡ್ಡ ಮರಗಳು, ನಡುವೆ ಕಂಬದ ತಂತಿಗಳು. 2003ರ ಜುಲೈ ಬಿರುಗಾಳಿಯಲ್ಲಿ 3 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಹೋದವು, ಕೆಲವರಿಗೆ ಎರಡು ವಾರ ಕರೆಂಟ್ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಮಂಜುಗಡ್ಡೆಯ ಮಳೆಗೆ ಮತ್ತೆ ಲಕ್ಷಕ್ಕೂ ಜಾಸ್ತಿ ಮನೆಗಳು ಕತ್ತಲಾದವು. ಹಾಗಾಗಿ ತಂತಿ ನೆಲದಡಿ ಇರುವ ಬಡಾವಣೆಯಾ ಎಂದು ಕೇಳಿ. ಮನೆಯಲ್ಲಿ ಇನ್ಸುಲಿನ್, ಉಸಿರಾಟದ ಯಂತ್ರದ ಅಗತ್ಯ ಇದ್ದರೆ ಜನರೇಟರ್ ಬೆಲೆಯನ್ನೂ ಸೇರಿಸಿ. ನೀರು ಮಾತ್ರ ಬಹಳ ಒಳ್ಳೆಯದು. ನೆಲದಡಿಯ ಮರಳು ಪದರದಿಂದ ಎತ್ತುವ ನೀರು ಅದು. ಆದರೂ 2021ರಲ್ಲಿ, 2024ರಲ್ಲಿ ಚಳಿಗೆ ಪೈಪ್ ಒಡೆದು "ಕುದಿಸಿ ಕುಡಿಯಿರಿ" ಎಂಬ ಸೂಚನೆ ಬಂತು. ಹಳೆಯ ಮನೆಯಾದರೆ ಬೀದಿಯಿಂದ ಒಳಗೆ ಬರುವ ಪೈಪ್ ಸೀಸದ್ದಾ ಎಂದು ಸಂಸ್ಥೆಯನ್ನೇ ಕೇಳಬಹುದು.

ವಿಮೆಯಲ್ಲಿ ಒಂದು ದೊಡ್ಡ ತೂತು ಇದೆ. ಈ ಪ್ರದೇಶ ನ್ಯೂ ಮ್ಯಾಡ್ರಿಡ್ ಭೂಕಂಪ ವಲಯದ ಪಕ್ಕದಲ್ಲಿದೆ. 1811-12ರ ಚಳಿಗಾಲದಲ್ಲಿ ಇಲ್ಲಿ ಭಾರೀ ಭೂಕಂಪಗಳಾದವು. ಟೆನೆಸಿಯ ರೀಲ್‌ಫುಟ್ ಸರೋವರ ಹುಟ್ಟಿದ್ದೇ ಆಗ. ಸಾಮಾನ್ಯ ಮನೆ ವಿಮೆಯಲ್ಲಿ ಭೂಕಂಪವೂ ಬರುವುದಿಲ್ಲ, ಪ್ರವಾಹವೂ ಬರುವುದಿಲ್ಲ. ಎರಡನ್ನೂ ಬೇರೆಯಾಗಿ ಕೊಳ್ಳಬೇಕು. ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ, ಮೋಡ ನೋಡಿ ಕೊಳ್ಳಲು ಆಗುವುದಿಲ್ಲ.

ನೈಋತ್ಯ ಮೆಂಫಿಸ್ ಕಡೆ ಮನೆ ನೋಡುವವರಿಗೆ ಒಂದು ಮಾತು. ಅಲ್ಲಿ 2024ರಲ್ಲಿ ಎಕ್ಸ್‌ಎಐ ಕಂಪನಿಯ ಭಾರೀ ಕಂಪ್ಯೂಟರ್ ಕೇಂದ್ರ ಬಂತು. ಅದರ ಗ್ಯಾಸ್ ಟರ್ಬೈನ್‌ಗಳ ಹೊಗೆಯ ವಿರುದ್ಧ ಬಾಕ್ಸ್‌ಟೌನ್‌ನಂಥ ಹಳೆಯ ಕಪ್ಪು ಬಡಾವಣೆಗಳವರು ಹೋರಾಡುತ್ತಿದ್ದಾರೆ. ಮನೆಯಲ್ಲಿ ಅಸ್ತಮಾ ಇದ್ದವರು ಆ ಕಡೆಯ ಗಾಳಿಯ ವಿಷಯ ವಿಚಾರಿಸಿಯೇ ಮುಂದುವರಿಯಿರಿ.

8. ಅಪ್ಪ ಅಮ್ಮ, ದೇವಸ್ಥಾನ, ಕನ್ನಡ

ಈಡ್ಸ್ ಎಂಬಲ್ಲಿ ಇಂಡಿಯಾ ಕಲ್ಚರಲ್ ಸೆಂಟರ್ ಅಂಡ್ ಟೆಂಪಲ್ ಇದೆ, ಭಾರತದ ಎಲ್ಲ ಕಡೆಯವರೂ ಸೇರುತ್ತಾರೆ. ಬೇಳೆ, ಸಾಂಬಾರ್ ಪುಡಿಗೆ ತೊಂದರೆ ಇಲ್ಲ. ಆದರೆ ಅಟ್ಲಾಂಟದ ನೃಪತುಂಗ ಕನ್ನಡ ಕೂಟದಂಥ ದೊಡ್ಡ ಬಳಗವನ್ನು ಇಲ್ಲಿ ನಿರೀಕ್ಷಿಸಬೇಡಿ. ಅಟ್ಲಾಂಟಕ್ಕೆ ಕಾರಿನಲ್ಲಿ ಆರು ಗಂಟೆ. ಮಕ್ಕಳ ಕನ್ನಡ ಮನೆಯಲ್ಲೇ ಉಳಿಯಬೇಕು, ಇಲ್ಲವೇ ಆನ್‌ಲೈನ್ ತರಗತಿಯಲ್ಲಿ.

ಊರಿನಿಂದ ಅಪ್ಪ ಅಮ್ಮ ಬರುವುದು ಸ್ವಲ್ಪ ಕಷ್ಟ. ಡೆಲ್ಟಾ ವಿಮಾನ ಕಂಪನಿ 2013ರಲ್ಲಿ ಇಲ್ಲಿನ ತನ್ನ ಕೇಂದ್ರ ಮುಚ್ಚಿದ ಮೇಲೆ ಪ್ರಯಾಣಿಕ ವಿಮಾನಗಳು ಕಡಿಮೆಯಾದವು. ಬೆಂಗಳೂರಿನಿಂದ ಬರುವವರು ಎರಡು ಕಡೆ ವಿಮಾನ ಬದಲಿಸುವುದೇ ಜಾಸ್ತಿ. ಬಂದ ಮೇಲೆ ಕಾರು ಓಡಿಸದ ಹಿರಿಯರಿಗೆ ಬಸ್ಸಿನ ಸೌಕರ್ಯ ಬಹಳ ಕಡಿಮೆ. ನಡೆದು ಹೋಗುವಷ್ಟು ದೂರದಲ್ಲಿ ಪಾರ್ಕ್ ಇರುವ ಮನೆ ಹುಡುಕಿದರೆ ಅವರ ಆರು ತಿಂಗಳು ಹಗುರವಾಗುತ್ತವೆ. ಶೆಲ್ಬಿ ಫಾರ್ಮ್ಸ್ ಮತ್ತು ಓವರ್ಟನ್ ಪಾರ್ಕ್ ಈ ಊರಿನ ನಿಜವಾದ ಆಸ್ತಿ.

9. ಯಾವಾಗ ಬೇಡ ಅನ್ನಬೇಕು

ಇಬ್ಬರೂ ಕೂತು, ಹೋಗುವ ಮುಂಚೆಯೇ ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಮೂರು ಸಂದರ್ಭದಲ್ಲಿ ಬೇಡ. ಐ-140 ಆಗಿಲ್ಲ, ಕೆಲಸ ಒಂದೇ ಗಿರಾಕಿಯ ಗುತ್ತಿಗೆ, ಉಳಿತಾಯ ಆರು ತಿಂಗಳಿಗೂ ಸಾಲದು: ಈ ಮೂರೂ ಒಟ್ಟಿಗೆ ಇದ್ದರೆ ಒಬ್ಬರೇ ಹೋಗಿ ಮೊದಲು ನೋಡಿ. ಮಗ ಅಥವಾ ಮಗಳು ಹೈಸ್ಕೂಲಿನ ಕೊನೆಯ ಎರಡು ವರ್ಷದಲ್ಲಿದ್ದರೆ ಅದು ಮುಗಿಯಲಿ. ಸಂಗಾತಿ ಮನಸ್ಸಿಲ್ಲದೆ "ಆಯ್ತು" ಅಂದಿದ್ದರೆ ಅದನ್ನು ಒಪ್ಪಿಗೆ ಎಂದು ಲೆಕ್ಕ ಹಾಕಬೇಡಿ. ನಾಲ್ಕು ರಾತ್ರಿ ಉಳಿದ ಮೇಲೆ ಮತ್ತೆ ಕೇಳಿ.

ಉಳಿದವರಿಗೆ ಮೆಂಫಿಸ್ ಒಳ್ಳೆಯ ಸಂಸಾರ ಕಟ್ಟಲು ಆಗುವ ಊರೇ. ಚಿಕ್ಕ ಮಕ್ಕಳಿರುವ ಡಾಕ್ಟರು, ಸಂಶೋಧಕರು, ಕಾಯಂ ನೌಕರಿಯವರು ಇಲ್ಲಿ ಬೇರೆ ಕಡೆಗಿಂತ ಬೇಗ ನೆಲೆ ನಿಲ್ಲಬಹುದು.

10. ಹೌದು ಎಂದಾದರೆ

ಇಲ್ಲಿ ಶಾಲೆ ಶುರುವಾಗುವುದು ಆಗಸ್ಟ್ ಮೊದಲ ದಿನಗಳಲ್ಲಿ. ಹಾಗಾಗಿ ಜುಲೈ ಮಧ್ಯದ ಒಳಗೆ ಮನೆ ಸೇರಿರಬೇಕು. ಮಕ್ಕಳ ಲಸಿಕೆಗೆ ಟೆನೆಸಿಯದ್ದೇ ಪ್ರಮಾಣಪತ್ರ ಬೇಕು. ಭಾರತದ ಪುಸ್ತಕ ಅಥವಾ ಬೇರೆ ರಾಜ್ಯದ ಕಾಗದ ನಡೆಯುವುದಿಲ್ಲ. ಅದನ್ನು ಇಲ್ಲಿನ ಮಕ್ಕಳ ಡಾಕ್ಟರು ಅಥವಾ ಆರೋಗ್ಯ ಇಲಾಖೆ ಬರೆದುಕೊಡಬೇಕು. ಜುಲೈ ಕೊನೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಬರುವ ಮುಂಚೆಯೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಡ್ರೈವಿಂಗ್ ಲೈಸೆನ್ಸನ್ನು 30 ದಿನದ ಒಳಗೆ ಟೆನೆಸಿಗೆ ಬದಲಿಸಿ. ಬಾಡಿಗೆ ಕರಾರನ್ನು 12 ತಿಂಗಳಿಗೆ ಮಾಡಿ, ಮುಗಿಯುವ ತಾರೀಖು ಶಾಲೆ ಬಿಡುವ ಮೇ ಕೊನೆಯ ನಂತರ ಬರುವಂತೆ ನೋಡಿಕೊಳ್ಳಿ. ಮಧ್ಯದಲ್ಲಿ ಬಿಡಬೇಕಾದರೆ ಎಷ್ಟು ದಂಡ ಎಂದು ಕರಾರಿನಲ್ಲೇ ಬರೆಸಿ. ಶಾಲೆಯವರು ವಿಳಾಸಕ್ಕೆ ಪುರಾವೆ ಕೇಳುತ್ತಾರೆ. ಬಾಡಿಗೆ ಕರಾರಿನ ಜೊತೆಗೆ ಎಂಎಲ್‌ಜಿಡಬ್ಲ್ಯೂ ಬಿಲ್ ಇದ್ದರೆ ಕೆಲಸ ಸುಲಭ. ಹಾಗಾಗಿ ಕರಾರಿಗೆ ಸಹಿ ಹಾಕಿದ ದಿನವೇ ಕನೆಕ್ಷನ್ನಿಗೆ ಅರ್ಜಿ ಹಾಕಿ, ಮತ್ತು ಅದು ನಿಮ್ಮ ಹೆಸರಿನಲ್ಲೇ ಇರಲಿ.